ಅಡಿಕೆಗೆ ಹೋದ ಬಾಯಿ



ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯನ್ನು ಕಂಡವರಿಗೆ ಅಲ್ಲಿನ ಕೇದಾರೇಶ್ವರ ದೇವಾಲಯವೂ ಅಲ್ಲಿಯ ಶಾಸನಗಳೂ ನೆನಪಿನಲ್ಲಿ ಉಳಿದಿರುತ್ತವೆ. ಹನ್ನೆರಡನೆಯ ಶತಮಾನದ ಒಂದು ಶಾಸನ ಅಲ್ಲಿದ್ದ ಕೋಡಿಯಮಠವನ್ನು ವರ್ಣಿಸುತ್ತದೆ. ಅದು ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುವ ಸ್ಥಾನ ಎಂದಷ್ಟೇ ಹೇಳಿ ಶಾಸನ ಸುಮ್ಮನಾಗುವುದಿಲ್ಲ. ದೀನರಿಗೂ ಕುರುಡರಿಗೂ ಕುಂಟರಿಗೂ ಅನ್ನವಿಕ್ಕುವ ಸ್ಥಾನ, ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವ ಸ್ಥಾನ ಎಂದೂ ಹೇಳುತ್ತದೆ. ವಿದ್ಯೆಯಿದ್ದ ಕಡೆ ವೈದ್ಯವೂ ಇರಬೇಕು, ಅರಿತವರು ಅರಿಯದವರ ನೋವಿಗೆ ಹೊಣೆಗಾರರು ಎಂಬ ಭಾವನೆ ಆ ನೆಲದಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ಇತ್ತೆಂಬುದಕ್ಕೆ ಅದು ಸಾಕ್ಷಿ.

ಅದೇ ನೆಲದಲ್ಲಿ, ಎಂದರೆ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ, ಇಂದು ಅರಿತವರೂ ಆಡದೆ ನುಂಗಿಕೊಳ್ಳುವ ಮಾತೊಂದಿದೆ. ಅದು ಅಡಿಕೆಯ ಮಾತು. ಅಡಿಕೆ ನಮಗೆ ಅನ್ನ ಕೊಡುವ ಬೆಳೆ. ಮದುವೆಯ ಮಾತು ಮುಗಿಯುವುದು ಅಡಿಕೆಯಿಂದ, ಮನೆಗೆ ಬಂದವರನ್ನು ಕೂರಿಸುವುದು ಅಡಿಕೆಯಿಂದ, ಮಗನ ಓದು, ಮಗಳ ಮದುವೆ, ಮನೆಯ ಹೆಂಚು, ಎಲ್ಲವೂ ಅಡಿಕೆಯಿಂದ. ಇಂಥ ವಸ್ತುವಿನ ಮೇಲೆ ದೋಷ ಹೊರಿಸುವುದೆಂದರೆ ಹೆತ್ತ ತಾಯಿಯ ಮೇಲೆ ದೂರು ಹೇಳಿದಂತೆ. ನಾನೂ ಅಡಿಕೆ ತೋಟದ ಮನೆಯಲ್ಲಿಯೇ ಹುಟ್ಟಿ ಬೆಳೆದವನು. ನನ್ನ ಶಾಲೆಯ ಶುಲ್ಕ ಅಡಿಕೆಯ ಮೂಟೆಯಿಂದ ಬಂದದ್ದು. ಆದುದರಿಂದಲೇ ಈ ಮಾತನ್ನು ಹೊರಗಿನವರು ಹೇಳುವುದಕ್ಕಿಂತ ನಾನು ಹೇಳುವುದು ಮೇಲು ಎಂದು ತೋರಿತು.

ನಮ್ಮಲ್ಲಿ ಒಂದು ಗಾದೆಯುಂಟು: ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅಲ್ಪ ವಸ್ತುವಿಗಾಗಿ ಕಳೆದುಕೊಂಡದ್ದನ್ನು ದೊಡ್ಡ ಬೆಲೆ ತೆತ್ತರೂ ಮರಳಿ ಪಡೆಯಲಾಗದೆಂಬುದು ಅದರ ತಾತ್ಪರ್ಯ. ಗಾದೆ ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು ಮಾನ. ಅಡಿಕೆಗೆ ಹೋದ ಬಾಯಿಯೂ ಅಂತೆಯೇ ಎಂಬುದನ್ನು ನಾನು ಕಣ್ಣಾರೆ ಕಂಡೆ.

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ನನ್ನ ಸೋದರತ್ತೆ, ತಂದೆಯ ಅಕ್ಕ, ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲಿದ್ದರು. ಕೊಯ್ಲಿನ ದಿನಗಳಲ್ಲಿ ರಾತ್ರಿ ಜಗಲಿಯ ಮೇಲೆ ದೀಪವಿಟ್ಟುಕೊಂಡು ಹತ್ತಾರು ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಅಡಿಕೆ ಸುಲಿಯುತ್ತಿದ್ದರು. ಅವರೆಲ್ಲರಿಗೂ ಅತ್ತೆಯೇ ಮೇಟಿ. ಕೈ ಸುಲಿಯುತ್ತಿದ್ದಂತೆ ಬಾಯಿ ಕವಳ ಹಾಕುತ್ತಿತ್ತು. ನಿದ್ದೆ ಬಾರದಿರಲೆಂದು ಒಂದು, ಹಸಿವು ತಿಳಿಯದಿರಲೆಂದು ಇನ್ನೊಂದು, ಮಾತಿಗೊಂದು, ಬೇಸರಕ್ಕೊಂದು. ಎಲೆ, ಅಡಿಕೆ, ಸುಣ್ಣ, ಒಂದೆಸಳು ಹೊಗೆಸೊಪ್ಪು. ಮಲಗುವಾಗಲೂ ಒಂದು ಕವಳ ದವಡೆಯ ಮೂಲೆಯಲ್ಲಿ ಇರುತ್ತಿತ್ತು.

ಮೊದಲು ಅವರಿಗೆ ಸಾರು ಖಾರವೆನಿಸಿತು. ಬೇರೆಯವರಿಗೆ ಸರಿಯಾಗಿದ್ದ ಸಾರು ಅವರ ಬಾಯಿಗೆ ಮಾತ್ರ ಉರಿ. ಅಡಿಗೆಯವರ ಕೈ ಕೆಟ್ಟಿತೆಂದು ನಕ್ಕೆವು. ಬಳಿಕ ಅವರು ಅನ್ನದ ತುತ್ತನ್ನು ಸಣ್ಣದು ಮಾಡಿದರು. ಆಮೇಲೆ ಎಲ್ಲರೊಡನೆ ಉಣ್ಣುವುದನ್ನು ಬಿಟ್ಟು ಒಳಗೆ ಕುಳಿತು ಗಂಜಿ ಕುಡಿಯತೊಡಗಿದರು. ಬಾಯಿ ಮೊದಲಿನಷ್ಟು ತೆರೆಯುತ್ತಿರಲಿಲ್ಲ. ಕೆನ್ನೆಯ ಒಳಗಿನ ಹುಣ್ಣನ್ನು ಅವರು ಸೆರಗಿನಲ್ಲಿ ಮುಚ್ಚಿಕೊಂಡರು. ಕೊನೆಗೆ ಬೆಂಗಳೂರಿಗೆ ಕರೆದೊಯ್ದಾಗ, ಇದು ಎಂದಿನಿಂದ ಎಂದು ವೈದ್ಯರು ಕೇಳಿದರು. ಅತ್ತೆ ತಿಂಗಳ ಲೆಕ್ಕ ಹೇಳಲಿಲ್ಲ. ‘ಎರಡು ಕೊಯ್ಲು ಆಯಿತು’ ಎಂದರು. ವೈದ್ಯರು ನನ್ನ ಮುಖ ನೋಡಿದರು. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲ. ಮೂರನೆಯ ಕೊಯ್ಲಿಗೆ ಅವರು ಇರಲಿಲ್ಲ. ಎರಡು ಕೊಯ್ಲಿನ ಕಾಲವೂ ಆ ಹುಣ್ಣು ನಮಗೆ ಹೇಳುತ್ತಲೇ ಇತ್ತು. ಕೇಳಿಸಿಕೊಳ್ಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಕ್ಯಾನ್ಸರ್ ಎಂಬ ಈ ರೋಗವನ್ನು ಆಯುರ್ವೇದದವರು ಅರ್ಬುದ ಎಂದರು. ಗ್ರೀಕರು ಅದಕ್ಕೆ ಏಡಿಯ ಹೆಸರಿಟ್ಟರು. ಹೆಸರು ಯಾವುದಾದರೂ ಜನರ ಭಾವನೆ ಒಂದೇ: ಅದು ಹಣೆಯ ಬರಹ, ಬಂದರೆ ಬಂತು. ಈ ಭಾವನೆ ಎಲ್ಲ ಬಗೆಯ ಕ್ಯಾನ್ಸರಿನ ವಿಷಯದಲ್ಲೂ ಪೂರ್ತಿ ಸುಳ್ಳಲ್ಲ. ಕೆಲವು ಏಕೆ ಬರುತ್ತವೆಂಬುದು ಇನ್ನೂ ನಿಗೂಢ. ಆದರೆ ಬಾಯಿಯ ಕ್ಯಾನ್ಸರಿನ ವಿಷಯದಲ್ಲಿ ಹಣೆಯನ್ನು ದೂರುವುದು ಅನ್ಯಾಯ. ಅಲ್ಲಿ ಬಹುಮಟ್ಟಿಗೆ ಬರೆಯುವುದು ನಮ್ಮದೇ ಕೈ. 2022ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ 90 ಸಾವಿರ ಮಂದಿಗೆ ಬಾಯಿಯ ಕ್ಯಾನ್ಸರ್ ತಗುಲಿತೆಂದೂ, ಅವರಲ್ಲಿ 1 ಲಕ್ಷ 20 ಸಾವಿರ ಮಂದಿಗೆ ಅದಕ್ಕೆ ಕಾರಣ ಹೊಗೆಯಿಲ್ಲದ ತಂಬಾಕು ಅಥವಾ ಅಡಿಕೆಯೆಂದೂ ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಆ 1 ಲಕ್ಷ 20 ಸಾವಿರದಲ್ಲಿ 83 ಸಾವಿರಕ್ಕೂ ಹೆಚ್ಚು ಮಂದಿ ನಮ್ಮ ದೇಶದವರು. ಇವು ತಪ್ಪಿಸಬಹುದಾಗಿದ್ದ ಸಂಕಟಗಳು.

ದೋಷವೆಲ್ಲ ಹೊಗೆಸೊಪ್ಪಿನದು, ಅಡಿಕೆ ನಿರಪರಾಧಿ ಎಂಬ ಮಾತು ನಮ್ಮ ಕಡೆ ಬಹಳ ಪ್ರಚಲಿತ. ಬಹುಕಾಲ ವೈದ್ಯರೂ ಹೀಗೆಯೇ ತಿಳಿದಿದ್ದರು. 1933ರಲ್ಲಿ ದಕ್ಷಿಣ ತಿರುವಾಂಕೂರಿನ ನೆಯ್ಯೂರಿನ ವೈದ್ಯ ಓರ್ ಎಂಬವರು ಕವಳ ಮೆಲ್ಲುವವರ ಬಾಯಿಯ ಕ್ಯಾನ್ಸರನ್ನು ಕುರಿತು ಬರೆದರು. 1952ರಲ್ಲಿ ಷ್ವಾರ್ಟ್ಸ್ ಎಂಬ ವೈದ್ಯರು ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಬಾಯಿ ಬಿಗಿದುಕೊಳ್ಳುವ ವಿಚಿತ್ರ ರೋಗವನ್ನು ಗುರುತಿಸಿದರು. ಕೆನ್ನೆಯ ಒಳಪದರದ ಅಡಿಯಲ್ಲಿ ನಾರು ಬೆಳೆದು, ಮೃದುವಾದ ಚರ್ಮ ತೊಗಲಿನಂತೆ ಗಡುಸಾಗಿ, ಬಾಯಿ ಕ್ರಮೇಣ ತೆರೆಯದಂತಾಗುವ ರೋಗವದು. ಇದು ಮುಖ್ಯವಾಗಿ ಅಡಿಕೆಯ ಕೆಲಸ ಎಂಬುದು ಮುಂದಿನ ದಶಕಗಳಲ್ಲಿ ಸ್ಪಷ್ಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಕೂಡಿದ ಕವಳವನ್ನು ಮಾತ್ರ ಕ್ಯಾನ್ಸರಕಾರಕವೆಂದು ಸಾರಿತ್ತು. 2003ರಲ್ಲಿ ಮತ್ತೆ ಸಭೆ ಸೇರಿ, ಮರುವರ್ಷ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪಿಲ್ಲದ ಕವಳವೂ ಸ್ವತಃ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ತೀರ್ಮಾನಿಸಿತು.

ಈ ತೀರ್ಮಾನಕ್ಕೆ ದೊಡ್ಡ ಆಧಾರ ದೊರೆತದ್ದು ತೈವಾನಿನಿಂದ. ಅಲ್ಲಿನವರು ಅಡಿಕೆಗೆ ಹೊಗೆಸೊಪ್ಪು ಸೇರಿಸುವ ರೂಢಿಯಿಲ್ಲ. ಎಲೆಯೊಡನೆ ಸುಣ್ಣ ಹಚ್ಚಿದ ಹಸಿ ಅಡಿಕೆ, ಅಷ್ಟೆ. ಆದರೂ ಅಡಿಕೆ ಅಗಿಯುವವರಲ್ಲಿ ಬಾಯಿಯ ಕ್ಯಾನ್ಸರ್ ಮಿಗಿಲಾಗಿ ಕಂಡುಬಂತು. ತಂಬಾಕನ್ನು ತಕ್ಕಡಿಯಿಂದ ತೆಗೆದಿಟ್ಟರೂ ಅಡಿಕೆಯ ತಟ್ಟೆ ಕೆಳಗಿಳಿದೇ ಇತ್ತು. ಬಾಯಿಯೊಳಗೆ ನಡೆಯುವುದಿಷ್ಟು: ಅಡಿಕೆಯಲ್ಲಿ ಅರೆಕೋಲಿನ್ ಮೊದಲಾದ ಕ್ಷಾರಗಳಿವೆ. ಜೊಲ್ಲಿನೊಡನೆ ಬೆರೆತು ಅವುಗಳಿಂದ ಕ್ಯಾನ್ಸರ್ ತರಬಲ್ಲ ನೈಟ್ರೋಸಮೀನುಗಳು ಹುಟ್ಟುತ್ತವೆ. ಸುಣ್ಣ ಬಾಯಿಯ ಪದರವನ್ನು ಸುಟ್ಟು ವಿಷಕ್ಕೆ ಬಾಗಿಲು ತೆರೆಯುತ್ತದೆ. ಅಡಿಕೆಯಲ್ಲಿರುವ ತಾಮ್ರ ಕೆನ್ನೆಯಲ್ಲಿ ನಾರು ಹೆಣೆಯುವ ಕ್ರಿಯೆಗೆ ಕುಮ್ಮಕ್ಕು ಕೊಡುತ್ತದೆ. ಒರಟು ಚೂರು ದಿನವೂ ಅದೇ ಜಾಗವನ್ನು ಉಜ್ಜುತ್ತದೆ. ಗಾಯ ಮಾಯುವ ಮೊದಲೇ ಮರುಗಾಯ. ಹೀಗೆ ಹತ್ತು, ಇಪ್ಪತ್ತು, ಮೂವತ್ತು ವರ್ಷ.

ಇದಕ್ಕೆ ಎದುರು ಮಾತುಗಳನ್ನು ನಾನು ಬಲ್ಲೆ. ಬೆಳೆಗಾರರ ಸಂಘಟನೆಗಳು ಈ ನಿರ್ಣಯವನ್ನು ಒಪ್ಪಿಲ್ಲ. ‘ನಮ್ಮಜ್ಜ ತೊಂಬತ್ತು ವರ್ಷ ಕವಳ ಹಾಕಿ ಬದುಕಿದರು’ ಎನ್ನುವವರು ಪ್ರತಿಯೊಂದು ಊರಿನಲ್ಲೂ ಇದ್ದಾರೆ. ಅವರ ಅಜ್ಜ ನಿಜವಾಗಿಯೂ ಬದುಕಿದ್ದರು. ಹೊಳೆಯನ್ನು ತುಂಬಿದ ಪ್ರವಾಹದಲ್ಲಿ ಈಜಿ ದಾಟಿದವನೂ ಉಂಟು. ಆದರೆ ಅವನನ್ನು ನೋಡಿ ಮಕ್ಕಳನ್ನು ಹೊಳೆಗೆ ಇಳಿಸುವವರಿಲ್ಲ. ದಡ ಸೇರಿದವನು ಕಥೆ ಹೇಳುತ್ತಾನೆ. ಕೊಚ್ಚಿಹೋದವನ ಕಥೆಯನ್ನು ಯಾರು ಹೇಳಬೇಕು? ನಮ್ಮಲ್ಲಿ ಅಡಿಕೆಯನ್ನು ಬೇಯಿಸಿ, ಚೊಗರು ಕೊಟ್ಟು, ಒಣಗಿಸಿಯೇ ತಿನ್ನುವುದರಿಂದ ದೋಷವಿಲ್ಲವೆಂಬ ಇನ್ನೊಂದು ವಾದವಿದೆ. ಸಂಶೋಧನಾ ಸಂಸ್ಥೆಯ ತೀರ್ಮಾನದಲ್ಲಿ ಹಸಿಯದು, ಕೆಂಪಿನದು, ಬಿಳಿಯದು ಎಂಬ ಭೇದವಿಲ್ಲ. ತಾಂಬೂಲವನ್ನು ವೈದ್ಯಗ್ರಂಥಗಳು ಹೊಗಳಿವೆಯಲ್ಲ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ಊಟದ ಮೇಲಿನ ಒಂದು ತಾಂಬೂಲ ಬೇರೆ, ದಿನಕ್ಕೆ ಇಪ್ಪತ್ತು ಕವಳವನ್ನು ದವಡೆಯಲ್ಲಿಟ್ಟು ಮಲಗುವುದು ಬೇರೆ. ಪ್ರಮಾಣವೂ ಕಾಲವೂ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ಆದರೆ ಇಷ್ಟರವರೆಗೆ ನಿರ್ಭಯ ಎಂದು ಗೆರೆಯೆಳೆದು ತೋರಿಸಿದವರಿಲ್ಲ.

ನಮ್ಮಜ್ಜಂದಿರ ಕಾಲಕ್ಕೂ ಇಂದಿಗೂ ಇನ್ನೊಂದು ದೊಡ್ಡ ಅಂತರವಿದೆ. ಅಂದು ಕವಳಕ್ಕೆ ತಟ್ಟೆ ಬೇಕು, ಅಡಕತ್ತರಿ ಬೇಕು, ಎಲೆಯ ತೊಟ್ಟು ಮುರಿಯುವ ಪುರುಸೊತ್ತು ಬೇಕು. ಕಿರಿಯರು ಹಿರಿಯರೆದುರು ಹಾಕುವಂತಿರಲಿಲ್ಲ. ರೂಢಿಯೇ ಒಂದು ಕಡಿವಾಣವಾಗಿತ್ತು. ಆ ಕಡಿವಾಣವನ್ನು ಹರಿದು ಹಾಕಿದ್ದು ಪೊಟ್ಟಣ. ಅಡಿಕೆಯ ಪುಡಿ, ತಂಬಾಕು, ಸುಣ್ಣ, ಕಾಚು, ಸುಗಂಧ ಎಲ್ಲವೂ ಸೇರಿದ ಗುಟ್ಕಾ ಶಾಲೆಯ ಹುಡುಗನ ಜೇಬಿಗೂ ಇಳಿಯಿತು. ಬಸ್ ನಿಲ್ದಾಣದಲ್ಲಿ ಹರಿದು ಬಾಯಿಗೆ ಸುರಿದುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಅತ್ತೆಗೆ ಐವತ್ತೈದರಲ್ಲಿ ಬಂದ ಬಾಯಿಬಿಗಿತ ಈಗ ಇಪ್ಪತ್ತರ ತರುಣರಲ್ಲಿಯೂ ಕಾಣುತ್ತಿದೆ. ಕರ್ನಾಟಕ ಸರ್ಕಾರ 2013ರ ಮೇ ತಿಂಗಳಲ್ಲಿ ಗುಟ್ಕಾವನ್ನು ನಿಷೇಧಿಸಿತು. ಒಳ್ಳೆಯ ಕೆಲಸವೇ. ಆದರೆ ವ್ಯಾಪಾರದ ಜಾಣತನ ಕಾನೂನಿಗಿಂತ ಬೇಗ ನಡೆಯುತ್ತದೆ. ಅಡಿಕೆಯ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಅಕ್ಕಪಕ್ಕ ತೂಗಾಡತೊಡಗಿದವು. ಎರಡನ್ನೂ ಕೊಂಡು ಬಾಯಲ್ಲಿ ಬೆರೆಸಿದರಾಯಿತು. 2016-17ರ ಸಮೀಕ್ಷೆಯಂತೆ ನಮ್ಮ ರಾಜ್ಯದ ವಯಸ್ಕರಲ್ಲಿ ನೂರಕ್ಕೆ 16 ಮಂದಿ ಹೊಗೆಯಿಲ್ಲದ ತಂಬಾಕನ್ನು ಬಳಸುತ್ತಿದ್ದರು.

ಅಡಿಕೆಯ ಜೊತೆಗಾರರನ್ನೂ ಒಂದಿಷ್ಟು ಹೆಸರಿಸಬೇಕು. ಮದ್ಯ ತಾನೇ ಕ್ಯಾನ್ಸರಕಾರಕ. ತಂಬಾಕಿನೊಡನೆ ಕೂಡಿದರೆ ಅದರ ಕೇಡು ಕೂಡಿಸಿದ ಲೆಕ್ಕವಾಗಿ ನಿಲ್ಲದೆ ಗುಣಿಸಿದ ಲೆಕ್ಕದಂತೆ ಏರುತ್ತದೆ. ಬೀಡಿ ಸಿಗರೇಟುಗಳು ಶ್ವಾಸಕೋಶಕ್ಕೆ ಮಾತ್ರವಲ್ಲ, ಗಂಟಲಿಗೂ ಹೃದಯಕ್ಕೂ ಮೃತ್ಯು. ನಮ್ಮ ಹೆಂಗಸರು ಇನ್ನೊಂದು ಹೊಗೆಯನ್ನು ನುಂಗಿದ್ದಾರೆ: ಅಡಿಗೆಮನೆಯ ಸೌದೆ ಒಲೆಯದು, ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಹಂಡೆಯ ಒಲೆಯದು. ಸೌದೆಯ ಹೊಗೆ ಬಹುಶಃ ಕ್ಯಾನ್ಸರ್ ತರುವಂಥದೆಂದು ಅದೇ ಸಂಸ್ಥೆ ಹೇಳಿದೆ. ಉಬ್ಬಸವನ್ನೂ ಶ್ವಾಸಕೋಶದ ಬೇನೆಯನ್ನೂ ತರುವುದರಲ್ಲಂತೂ ಸಂಶಯವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯನ್ನು ಹಿಂದೆ ಹಳ್ಳಿಗಳಲ್ಲಿ ಕಟ್ಟಿಸಿದ್ದು ಈ ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವುದಕ್ಕೂ ಸೌದೆ ಉಳಿಸುವುದಕ್ಕೂ. ಈಗ ಅನಿಲದ ಒಲೆ ಬಂದಿದೆ. ಆದರೂ ಬಚ್ಚಲ ಒಲೆಯ ಮುಂದೆ, ಹಂಡೆಯ ಮುಂದೆ ಕಣ್ಣುಜ್ಜುತ್ತ ಕೂರುವವರು ಹೆಣ್ಣುಮಕ್ಕಳೇ.

ಇಷ್ಟು ಹೇಳಿ ಭಯ ಹುಟ್ಟಿಸಿ ಎದ್ದುಹೋಗುವುದು ನನ್ನ ಉದ್ದೇಶವಲ್ಲ. ಬಾಯಿಯ ಕ್ಯಾನ್ಸರಿನಲ್ಲಿ ಒಂದು ಕರುಣೆಯಿದೆ. ಅದು ಕಳ್ಳನಂತೆ ಬರುವುದು ಅಪರೂಪ. ಬಹಳ ಸಲ ಮುಂದಾಗಿ ಹೇಳಿಯೇ ಬರುತ್ತದೆ, ಅದೂ ವರ್ಷಗಟ್ಟಲೆ ಮುಂಚಿತವಾಗಿ, ಅದೂ ಕಣ್ಣಿಗೆ ಕಾಣುವ ಜಾಗದಲ್ಲಿ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಬಾಯಿಬಿಗಿತದ 66 ರೋಗಿಗಳನ್ನು 17 ವರ್ಷಗಳ ಅವಧಿಯಲ್ಲಿ ಗಮನಿಸುತ್ತ ಬಂದರು. ಅವರಲ್ಲಿ ಐವರಿಗೆ ಕ್ಯಾನ್ಸರ್ ಆಯಿತು. ಐವರು ಎಂಬುದು ಸಣ್ಣ ಸಂಖ್ಯೆಯಲ್ಲ. ಆದರೆ ಉಳಿದ 61 ಮಂದಿಗೆ ಆ ಅವಧಿಯಲ್ಲಿ ಆಗಲಿಲ್ಲವೆಂಬುದನ್ನೂ ನೋಡಬೇಕು. ಮುನ್ಸೂಚನೆ ಕಂಡ ದಿನವೇ ಮರಣಪತ್ರ ಬಂತೆಂದು ಎದೆಗುಂದಬೇಕಾಗಿಲ್ಲ.

ತೋಟದವರಿಗೆ ಇದನ್ನು ತೋಟದ ಭಾಷೆಯಲ್ಲಿಯೇ ಹೇಳಬಹುದು. ಕೊಳೆರೋಗವೆಂದರೆ ಏನೆಂದು ನಮಗೆ ಗೊತ್ತು. ಆಷಾಢದ ಮಳೆಯಲ್ಲಿ ಗೊನೆಗೆ ಅದು ಹತ್ತಿದ ಮೇಲೆ ಏನು ಮಾಡಿದರೂ ಉದುರಿದ ಕಾಯಿ ಮರಕ್ಕೆ ಹತ್ತುವುದಿಲ್ಲ. ಹಿಂದಿನವರು ಮಳೆ ಹಿಡಿಯುವ ಮುನ್ನ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್ ಅವರು ಈ ರೋಗವನ್ನು ಅಭ್ಯಸಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಹೊಡೆಯುವ ಕ್ರಮವನ್ನು ಕಲಿಸಿದರು. ಇಂದು ಆ ಔಷಧವನ್ನು ಕಾಲಕ್ಕೆ ಸರಿಯಾಗಿ ಹೊಡೆಸದ ತೋಟಗಾರನನ್ನು ನೆರೆಯವರು ಸೋಮಾರಿ ಎನ್ನುತ್ತಾರೆ. ಗೊನೆಯ ಮೇಲೆ ಇಷ್ಟು ಕಣ್ಣಿಟ್ಟವರು ಗೊನೆ ಕೊಯ್ಯುವವನ, ಸುಲಿಯುವವಳ ಬಾಯಿಯನ್ನು ಒಮ್ಮೆಯಾದರೂ ನೋಡಿದ್ದೇವೆಯೇ?

ನೋಡಿದರೆ ಪ್ರಾಣ ಉಳಿಯುತ್ತದೆ ಎಂಬುದು ಬರಿಯ ಉಪದೇಶವಲ್ಲ. 1996ರಿಂದ ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಪಂಚಾಯತಿಗಳಲ್ಲಿ ತರಬೇತು ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ 35 ವರ್ಷ ಮೀರಿದವರ ಬಾಯಿಯನ್ನು ಬೆಳಕು ಬಿಟ್ಟು ಪರೀಕ್ಷಿಸಿದರು. ಅವರು ವೈದ್ಯರಲ್ಲ, ಕೈಯಲ್ಲಿ ದೊಡ್ಡ ಯಂತ್ರವೂ ಇರಲಿಲ್ಲ. 2005ರಲ್ಲಿ ಫಲಿತಾಂಶ ಪ್ರಕಟವಾದಾಗ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನಿಂದಾಗುವ ಸಾವು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗಿತ್ತು. ಒಂದು ಟಾರ್ಚು, ಎರಡು ಕಣ್ಣು, ಒಂದಿಷ್ಟು ತಿಳಿವಳಿಕೆ. ಇದಕ್ಕಿಂತ ಅಗ್ಗವಾದ ಔಷಧ ಯಾವುದಿದೆ?

ಮನೆಯಲ್ಲಿಯೇ ಮಾಡಬಹುದಾದುದು ಹೀಗೆ. ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಕನ್ನಡಿಯ ಮುಂದೆ, ಬೆಳಕಿನಲ್ಲಿ ನಿಲ್ಲಿರಿ. ತುಟಿಗಳನ್ನು ಮಡಿಚಿ ನೋಡಿ. ಎರಡೂ ಕೆನ್ನೆಗಳ ಒಳಭಾಗ, ನಾಲಗೆಯ ಅಂಚು, ಅದರ ಅಡಿ, ಅಂಗುಳು, ಒಸಡು ಇವನ್ನು ನೋಡಿ. ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಖಾರ ಸೋಕಿದರೆ ಉರಿ, ಕಾರಣವಿಲ್ಲದೆ ಅಲುಗುವ ಹಲ್ಲು, ಕತ್ತಿನಲ್ಲಿ ಗಂಟು, ಇವುಗಳಲ್ಲಿ ಯಾವುದೊಂದು ಕಂಡರೂ ವೈದ್ಯರಿಗೆ ತೋರಿಸಬೇಕು. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಡಿ. ಅವು ಹಿಡಿಸದಿದ್ದರೆ ಬಾಯಿ ಬಿಗಿಯತೊಡಗಿದೆ ಎಂದರ್ಥ. ನೋವಿಲ್ಲವಲ್ಲ ಎಂದು ಸುಮ್ಮನಿರುವುದೇ ಬಹುಮಂದಿ ಮಾಡುವ ತಪ್ಪು. ಮೊದಮೊದಲು ಈ ಹುಣ್ಣು ನೋಯುವುದಿಲ್ಲ. ನೋಯದ ಹುಣ್ಣಿಗೇ ಹೆಚ್ಚು ಹೆದರಬೇಕು. ದಂತವೈದ್ಯರೂ ತಾಲ್ಲೂಕು ಆಸ್ಪತ್ರೆಯವರೂ ಇದನ್ನು ಗುರುತಿಸಬಲ್ಲರು. ಬೆಂಗಳೂರಿನ ಕಿದ್ವಾಯಿ ಗಂಥಿ ಸಂಸ್ಥೆ 1973ರಿಂದ ಈ ರೋಗಕ್ಕಾಗಿಯೇ ಕೆಲಸ ಮಾಡುತ್ತಿದೆ. ಆದರೆ ಸೊರಬದಿಂದ ಅದು 300 ಕಿಲೋಮೀಟರಿಗೂ ದೂರ. ಅಲ್ಲಿಗೆ ಹೋಗುವ ಬಸ್ಸು ನಮ್ಮ ಮನೆಯ ಕನ್ನಡಿಯಿಂದಲೇ ಹೊರಡಬೇಕು, ಅದೂ ಹೊತ್ತಿಗೆ ಮುಂಚೆ.

ಕೊನೆಯದಾಗಿ ಜೀವನೋಪಾಯದ ಮಾತು. ಹಾಗಾದರೆ ತೋಟವನ್ನು ಕಡಿಯಬೇಕೇ ಎಂದು ನನ್ನನ್ನು ಕೇಳಿದವರುಂಟು. ಕಡಿಯಿರಿ ಎನ್ನುವ ಧೈರ್ಯವೂ ನನಗಿಲ್ಲ, ಅಧಿಕಾರವೂ ಇಲ್ಲ. 1939ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡಿನ ಅಡಿಕೆ ಬೆಳೆಗಾರರು ತಮ್ಮದೇ ಮಾರಾಟ ಸಹಕಾರ ಸಂಘವನ್ನು ಕಟ್ಟಿಕೊಂಡದ್ದು ದಲ್ಲಾಳಿಗಳ ಕೈಯಿಂದ ಬಿಡಿಸಿಕೊಂಡು ಬದುಕಲೆಂದು. ಆ ಬದುಕನ್ನು ಒಂದು ಭಾಷಣದಿಂದ ಅಳಿಸಲಾಗದು. ದೇಶದ ಆರೋಗ್ಯದ ಹೊರೆಯನ್ನು ಎರಡೆಕರೆಯ ರೈತನೊಬ್ಬನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಆದರೆ ಗದ್ದೆಗಳನ್ನು ಮುಚ್ಚಿ ಹೊಸ ಹೊಸ ತೋಟವೆಬ್ಬಿಸುತ್ತಿರುವ ನಾವು, ಒಂದೇ ಬೆಳೆಗೆ ಮಕ್ಕಳ ಭವಿಷ್ಯವನ್ನೆಲ್ಲ ಕಟ್ಟುವುದು ವಿವೇಕವೇ ಎಂದು ಯೋಚಿಸಬೇಡವೇ? ಮರಕ್ಕೆ ಮೆಣಸು ಹಬ್ಬಿಸಬಹುದು. ನಡುವೆ ಬಾಳೆ, ಏಲಕ್ಕಿ, ಕೋಕೋ ಬೆಳೆಯಬಹುದು. ಹಾಳೆಯಿಂದ ತಟ್ಟೆ, ಚೊಗರಿನಿಂದ ಬಣ್ಣ ಮಾಡಬಹುದು. ತೈವಾನಿನ ಸರ್ಕಾರ ಅಡಿಕೆ ಬಿಟ್ಟು ಬೇರೆ ಬೆಳೆಗೆ ತಿರುಗುವವರಿಗೆ ನೆರವು ನೀಡಿದೆ. ಅಂಥ ನೆರವನ್ನು ಕೇಳುವ ಹಕ್ಕು ನಮಗೂ ಇದೆ. ಆದರೆ ಸತ್ಯವನ್ನು ಒಪ್ಪಿಕೊಂಡವನು ಮಾತ್ರ ನೆರವನ್ನು ಕೇಳಬಲ್ಲ.

ತಾಂಬೂಲವನ್ನು ಬಿಡಬೇಕೆಂದೂ ನಾನು ಹೇಳುತ್ತಿಲ್ಲ. ಕೊಡುವುದು ಬೇರೆ, ಮೆಲ್ಲುವುದು ಬೇರೆ. ಎಲೆಯ ಮೇಲೆ ಇಡಿ ಅಡಿಕೆಯಿಟ್ಟು ಎರಡು ಕೈಯಿಂದ ಕೊಟ್ಟಾಗ ಅದರಲ್ಲಿರುವುದು ಗೌರವ. ಕೊಟ್ಟವರಿಗೂ ಪಡೆದವರಿಗೂ ಅದರಿಂದ ಕೇಡಿಲ್ಲ. ಗೌರವವು ಬಾಯಿಗೆ ಇಳಿದು ಚಟವಾದಾಗಲೇ ತೊಂದರೆ.

ಅತ್ತೆಯ ಮೆಟ್ಟುಗತ್ತಿ ಈಗಲೂ ನಮ್ಮ ಮನೆಯ ಅಟ್ಟದ ಮೇಲಿದೆ. ಸುಲಿಯುವ ಯಂತ್ರ ಬಂದ ಮೇಲೆ ಅದರ ಕೆಲಸ ಮುಗಿಯಿತು. ಕಳೆದ ಕೊಯ್ಲಿನಲ್ಲಿ ಯಂತ್ರದ ಬಳಿ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಊಟಕ್ಕೆ ಕುಳಿತಾಗ ಸಾರು ಖಾರವೆಂದ. ನಾನು ನಗಲಿಲ್ಲ. ಅವನನ್ನು ಜಗಲಿಯ ಬೆಳಕಿಗೆ ಕರೆದು, ಬಾಯಿ ತೆರೆ ಎಂದೆ. ಅವನ ಮೂರು ಬೆರಳು ಹಿಡಿಸಲಿಲ್ಲ, ಎರಡು ಹಿಡಿಸಿದವು. ಮರುದಿನವೇ ಅವನನ್ನು ವೈದ್ಯರಲ್ಲಿಗೆ ಕಳಿಸಿದೆ. ಅವನು ಪೊಟ್ಟಣ ಬಿಟ್ಟಿದ್ದಾನೆ, ಔಷಧದಲ್ಲಿದ್ದಾನೆ. ಮುಂದಿನ ಕೊಯ್ಲಿಗೂ ಅವನ ಬಾಯಿಯನ್ನು ನೋಡುವುದು ನನ್ನ ಪಾಲಿನ ಕೆಲಸ. ನಿಮ್ಮ ಮನೆಯಲ್ಲಿಯೂ ಯಾರಿಗಾದರೂ ಸಾರು ಖಾರವೆನಿಸಿದರೆ, ದಯವಿಟ್ಟು ಅಡಿಗೆಯವರನ್ನು ದೂರಬೇಡಿ. ದೀಪ ತನ್ನಿ.



(ಬಾನುಲಿ ಭಾಷಣ)